ಬರೆದದ್ದು ಕೆಳಗೆ, ಕಂಡದ್ದು ಮೇಲೆ: ಎಚ್‌ಟಿಎಂಎಲ್ ತಪ್ಪು ಹುಡುಕುವುದು ಹೇಗೆ?

ಗಂಗಾವತಿಯಲ್ಲಿ ಸಂಜೆ ಹೊತ್ತು ವೆಬ್ ಪುಟ ಮಾಡುವುದನ್ನು ಕಲಿಸುತ್ತೇನೆ. ಮೊನ್ನೆ ಒಬ್ಬ ಹುಡುಗಿ ತನ್ನ ಸೋದರಮಾವನ ಅಕ್ಕಿ ಅಂಗಡಿಗೆ ದರಪಟ್ಟಿ ಮಾಡಿ ತಂದಿದ್ದಳು. ಅಕ್ಕಿಯ ಹೆಸರು, ಹೊಸದೋ ಹಳೆಯದೋ, 25 ಕೆ.ಜಿ. ಚೀಲದ ದರ ಅಂತ ಮೂರು ಕಾಲಂ. ಸೋನಾ ಮಸೂರಿಯ ಕಡೇ ಸಾಲು ಮುಗಿದ ಮೇಲೆ ‘ಹಮಾಲಿ ಬೇರೆ’ ಎಂದು ಬರೆದಿದ್ದಳು. ಪುಟ ತೆರೆದರೆ ಆ ಎರಡು ಪದ ಪಟ್ಟಿಯ ನೆತ್ತಿಯ ಮೇಲೆ ಕೂತಿದ್ದವು. ‘ಸರ್, ನಾ ಕೆಳಗ ಬರ್ದೀನ್ರಿ, ಇದು ಮ್ಯಾಲ ಬರಾಕತ್ತೈತಿ’ ಎಂದಳು. ಎರಡು ತಾಸು ಪುಟದ ಅಂದ ಹೊಂದಿಸುವ ಸಿಎಸ್‌ಎಸ್‌ನಲ್ಲಿ ಮಾರ್ಜಿನ್ ತಿದ್ದಿ ಸಾಕಾಗಿದ್ದಳು. ತಪ್ಪು ಅಲ್ಲಿರಲೇ ಇಲ್ಲ.

ಎಚ್‌ಟಿಎಂಎಲ್ ಅಂದರೆ ಟ್ಯಾಗ್ ಎಂಬ ಗುರುತುಗಳಿಂದ ವೆಬ್ ಪುಟ ಬರೆಯುವ ಭಾಷೆ. ತಪ್ಪು ಎಚ್‌ಟಿಎಂಎಲ್ ಕಂಡರೆ ಬ್ರೌಸರ್ ನಿಲ್ಲುವುದಿಲ್ಲ, ನಮಗೆ ಹೇಳುವುದೂ ಇಲ್ಲ. ತಾನೇ ತಿದ್ದಿಕೊಂಡು ಮುಂದೆ ಹೋಗುತ್ತದೆ. ಹಿಂದೆ ಒಂದೊಂದು ಬ್ರೌಸರ್ ಒಂದೊಂದು ಥರ ತಿದ್ದುತ್ತಿತ್ತು. ಎಚ್‌ಟಿಎಂಎಲ್ 5 ಮಾಡಿದವರು ತಪ್ಪನ್ನು ತಿದ್ದುವ ರೀತಿಯನ್ನೂ ನಿಯಮವಾಗಿ ಬರೆದಿಟ್ಟರು. 2014ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಅದನ್ನು ಒಪ್ಪಿತು. ಈಗ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಅದೇ ನಿಯಮ ಪಾಲಿಸುತ್ತವೆ. ಹಾಗಾಗಿ ‘ಬೇರೆ ಬ್ರೌಸರ್‌ನಲ್ಲಿ ನೋಡೋಣ’ ಅಂತ ಹೊತ್ತು ಕಳೆಯಬೇಡಿ.

ಹಂತ 1. ಕಂಟ್ರೋಲ್ ಜೊತೆ ಯು ಒತ್ತಿ. ನೀವು ಬರೆದದ್ದು ಇದ್ದ ಹಾಗೇ ಕಾಣುತ್ತದೆ. ಆಮೇಲೆ ಕ್ರೋಮ್‌ನಲ್ಲಿ ಎಫ್12 ಒತ್ತಿ, ಎಲಿಮೆಂಟ್ಸ್ ತೆರೆಯಿರಿ. ಅದು ಬ್ರೌಸರ್ ತಿದ್ದಿಕೊಂಡ ಪುಟ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಇವೆರಡೂ ಒಂದೇ ಅಂದುಕೊಂಡವರೇ ಜಾಸ್ತಿ.

ಹಂತ 2. ಟೇಬಲ್ ಇದ್ದರೆ ಮೊದಲು ಅದನ್ನೇ ನೋಡಿ. ನಮ್ಮ ಮಕ್ಕಳು ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟೇಬಲ್ ಒಳಗೆ ಓದುವ ಅಕ್ಷರ ಇರಬೇಕಾದದ್ದು ಟಿಡಿ (ಮನೆ), ಟಿಎಚ್ (ತಲೆಬರಹದ ಮನೆ) ಅಥವಾ ಕ್ಯಾಪ್ಶನ್ (ಪಟ್ಟಿಯ ಶೀರ್ಷಿಕೆ) ಒಳಗೆ ಮಾತ್ರ. ಒಂದು ಟಿಆರ್ (ಸಾಲು) ಮುಚ್ಚಿ, ಇನ್ನೊಂದು ತೆರೆಯುವ ಅಥವಾ ಟೇಬಲ್ ಮುಚ್ಚುವ ಮೊದಲು ನಡುವೆ ಏನಾದರೂ ಬರೆದರೆ ಅದಕ್ಕೆ ಅಲ್ಲಿ ಮನೆ ಇಲ್ಲ. ಬ್ರೌಸರ್ ಅದನ್ನು ಎಸೆಯುವುದಿಲ್ಲ. ಎತ್ತಿಕೊಂಡು ಹೋಗಿ ಟೇಬಲ್‌ನ ಮುಂದೆ ಇಡುತ್ತದೆ. ಇದಕ್ಕೆ ಫಾಸ್ಟರ್ ಪೇರೆಂಟಿಂಗ್ ಅಂತ ಹೆಸರು, ಅಂದರೆ ಮಗುವನ್ನು ಸಾಕುಮನೆಗೆ ಒಪ್ಪಿಸಿದ ಹಾಗೆ. ‘ಹಮಾಲಿ ಬೇರೆ’ ಮೇಲೆ ಹೋಗಿದ್ದು ಹೀಗೆ. ಅದನ್ನು ಪಿ (ಪ್ಯಾರಾ) ಅಥವಾ ಡಿವ್‌ನಲ್ಲಿ (ಪುಟದ ಒಂದು ಭಾಗ) ಸುತ್ತಿದರೂ ಉಪಯೋಗವಿಲ್ಲ, ಸುತ್ತಿದ ಬಟ್ಟೆ ಸಮೇತ ಹೊರಗೆ ಹೋಗುತ್ತದೆ. ಅಂಥ ಮಾತು ನಾಲ್ಕು ಕಡೆ ಇದ್ದರೆ ನಾಲ್ಕೂ ಬರೆದ ಕ್ರಮದಲ್ಲೇ ಟೇಬಲ್ ಮೇಲೆ ಸೇರುತ್ತವೆ.

ಸರಿಯಾದ ದಾರಿ: ಕಡೆಗೆ ಹೊಸ ಟಿಆರ್, ಅದರೊಳಗೆ ಒಂದೇ ಟಿಡಿ, ಆ ಟಿಡಿಗೆ ಕೋಲ್‌ಸ್ಪ್ಯಾನ್ 3, ಅಂದರೆ ಮೂರು ಕಾಲಂ ಅಗಲ. ಇಲ್ಲವೇ ಟೇಬಲ್ ಮುಚ್ಚಿದ ಮೇಲೆ ಒಂದು ಪಿ. ನನ್ನನ್ನು ಕೇಳಿದರೆ ಎರಡನೆಯದೇ ಒಳ್ಳೆಯದು. ಹಮಾಲಿಯ ಮಾತು ದರವಲ್ಲ, ಟಿಪ್ಪಣಿ. ಅದಕ್ಕೆ ಪಟ್ಟಿಯೊಳಗೆ ಕೆಲಸವಿಲ್ಲ.

ಇದೇ ಜಾಗದಲ್ಲಿ ನೀವು ಬರೆಯದ ಟಿಬಾಡಿ (ಸಾಲುಗಳ ಗುಂಪು) ಕಂಡರೆ ಹೆದರಬೇಡಿ, ಅದನ್ನು ಬ್ರೌಸರ್ ಸೇರಿಸಿದೆ. ಆದರೆ ಸಿಎಸ್‌ಎಸ್‌ನಲ್ಲಿ ‘ಟೇಬಲ್‌ನ ನೇರ ಮಗು ಟಿಆರ್’ ಎಂದು ಬರೆದಿದ್ದರೆ ಬಣ್ಣ ಹತ್ತುವುದಿಲ್ಲ. ನಡುವೆ ಟಿಬಾಡಿ ಬಂತಲ್ವಾ?

ಹಂತ 3. ಮುಚ್ಚದೇ ಬಿಟ್ಟದ್ದನ್ನು ಹುಡುಕಿ. ಟೈಟಲ್ (ಪುಟದ ಹೆಸರು) ಮುಚ್ಚದಿದ್ದರೆ ಪುಟವೇ ಬಿಳಿ ಹಾಳೆ, ಉಳಿದದ್ದೆಲ್ಲ ಟೈಟಲ್ ಹೊಟ್ಟೆಗೆ. ಪಿ ಒಳಗೆ ತೆರೆದ ಬಿ ಮುಚ್ಚದಿದ್ದರೆ ಆ ಪಿ ಮುಗಿದ ಮೇಲೂ ಬ್ರೌಸರ್ ಬಿಯನ್ನು ಮತ್ತೆ ತೆರೆಯುತ್ತದೆ, ಕೊನೇತನಕ ದಪ್ಪ ಅಕ್ಷರ. ಪಿ ಒಳಗೆ ಡಿವ್ ಇಟ್ಟರೆ ಡಿವ್ ಬರುವ ಮೊದಲೇ ಪಿ ಮುಚ್ಚಿಹೋಗುತ್ತದೆ. ಆಮೇಲೆ ನೀವು ಬರೆದ ಮುಚ್ಚುವ ಪಿ ಒಂಟಿಯಾಗಿ ಉಳಿದು ಖಾಲಿ ಪಿ ಆಗುತ್ತದೆ. ಡಿವ್ ಕೊನೆಯಲ್ಲಿ ಓರೆಗೆರೆ ಹಾಕಿ ಮುಚ್ಚಿದೆ ಅಂದುಕೊಳ್ಳುವವರೂ ಇದ್ದಾರೆ. ಆ ಗೆರೆಗೆ ಅಲ್ಲಿ ಬೆಲೆಯಿಲ್ಲ, ಡಿವ್ ತೆರೆದೇ ಇರುತ್ತದೆ. ಅದಕ್ಕೇ ಹೇಳುತ್ತೇನೆ, ತೆರೆಯುವ ಟ್ಯಾಗ್ ಬರೆದ ಕೂಡಲೇ ಮುಚ್ಚುವುದನ್ನೂ ಬರೆಯಿರಿ, ಆಮೇಲೆ ನಡುವೆ ತುಂಬಿ.

ಇನ್ನೊಂದು ಮಾತು. ಕೋಡ್ ಅನ್ನು ವಾಟ್ಸ್ಆ್ಯಪ್‌ನಲ್ಲೋ ಪತ್ರ ಟೈಪ್ ಮಾಡುವ ತಂತ್ರಾಂಶದಲ್ಲೋ ಇಟ್ಟು ತರಬೇಡಿ. ನೇರ ಉದ್ಧರಣ ಚಿಹ್ನೆ ಕೆಲವೊಮ್ಮೆ ಬಾಗಿದ ಚಿಹ್ನೆಯಾಗಿ ಬದಲಾಗುತ್ತದೆ. ಬ್ರೌಸರ್ ಅದನ್ನು ವಿಳಾಸದ ಅಕ್ಷರ ಅಂತಲೇ ಓದುತ್ತದೆ, ಲಿಂಕ್ ಎಲ್ಲಿಗೂ ಹೋಗುವುದಿಲ್ಲ. ಕಣ್ಣಿಗೆ ಮಾತ್ರ ಎಲ್ಲ ಸರಿಯಾಗೇ ಕಾಣುತ್ತದೆ. ಸಾದಾ ನೋಟ್‌ಪ್ಯಾಡ್ ಇದಕ್ಕಿಂತ ಎಷ್ಟೋ ವಾಸಿ. ‘ಕೋಡ್ ಚಂದ ಮಾಡಿಕೊಡುತ್ತೇವೆ’ ಎನ್ನುವ ಆನ್‌ಲೈನ್ ತಾಣಗಳಿಂದಲೂ ದೂರ ಇರಿ. ಕೆಲವು ತಾಣಗಳು ಟ್ಯಾಗ್‌ಗಳನ್ನು ತಮ್ಮ ಅಂದಾಜಿನಲ್ಲಿ ಮುಚ್ಚಿಬಿಡುತ್ತವೆ. ಆಗ ತಪ್ಪು ಇದ್ದ ಜಾಗವೇ ಸಿಗುವುದಿಲ್ಲ.

ಹಂತ 4. ಫೈರ್‌ಫಾಕ್ಸ್‌ನಲ್ಲಿ ಸೋರ್ಸ್ (ಕಂಟ್ರೋಲ್ ಜೊತೆ ಯು) ತೆರೆಯಿರಿ. ತಪ್ಪುಗಳು ಕೆಂಪಾಗಿ ಕಾಣುತ್ತವೆ, ಮೇಲೆ ಮೌಸ್ ಇಟ್ಟರೆ ಕಾರಣವೂ ಬರುತ್ತದೆ. ನಂತರ ತಪ್ಪು ಪಟ್ಟಿ ಮಾಡಿಕೊಡುವ ಡಬ್ಲ್ಯು3ಸಿಯ ವ್ಯಾಲಿಡೇಟರ್‌ಗೆ ಪುಟ ಕೊಡಿ, ಪುಕ್ಕಟೆ. ಉದ್ದನೆಯ ಪಟ್ಟಿ ಬಂದರೆ ಎಲ್ಲವನ್ನೂ ಒಟ್ಟಿಗೆ ತಿದ್ದಲು ಕೂರಬೇಡಿ. ಮೇಲಿನ ಒಂದನ್ನು ಮಾತ್ರ ತಿದ್ದಿ, ಮತ್ತೆ ಓಡಿಸಿ. ಒಂದು ಉದ್ಧರಣ ಚಿಹ್ನೆ ಬಿಟ್ಟುಹೋದರೆ ಅದರ ಹಿಂದೆಯೇ ಹತ್ತು ತಪ್ಪು ಸಾಲು ಹಿಡಿಯುತ್ತವೆ. ಆ ಹುಡುಗಿಯ ಪುಟಕ್ಕೆ 14 ತಪ್ಪು ಬಂದಿದ್ದವು. ‘ಹಮಾಲಿ ಬೇರೆ’ಯನ್ನು ಟೇಬಲ್ ಕೆಳಗೆ ಇಳಿಸಿ, ಒಂದು ಚಿಹ್ನೆ ಮುಚ್ಚಿದಳು. ಪಟ್ಟಿ ಖಾಲಿಯಾಯಿತು.