ಮುದಿ ಇಲಿಯ ರಕ್ತ ಪರೀಕ್ಷೆ: ಸೂಜಿಗಿಂತ ಮೊದಲಿನ ಕೆಲಸ

ದಾವಣಗೆರೆಯ ಒಂದು ಕಾಲೇಜಿನ ಅನಿಮಲ್ ಹೌಸ್‌ನಲ್ಲಿ ನಾನು ಟೆಕ್ನಿಷಿಯನ್. ಪ್ರತಿ ವರ್ಷ ಎಂ.ಫಾರ್ಮ್ ಮಕ್ಕಳು ಬಂದು, "ಸಾರ್, ವಯಸ್ಸಾದ ಇಲಿಯ ಇಮ್ಯುನಿಟಿ ನೋಡಬೇಕು" ಅನ್ನುತ್ತಾರೆ. ಅವರ ಕೋರ್ಸ್ 2 ವರ್ಷ. ವಿಸ್ಟಾರ್ ಇಲಿ (ಲ್ಯಾಬಿನ ಬಿಳಿ ಇಲಿ) ಮುದಿಯಾಗೋಕೂ ಹೆಚ್ಚುಕಮ್ಮಿ ಅಷ್ಟೇ ಬೇಕು! ಅದಕ್ಕೇ ಒಂದಿಷ್ಟು ಇಲಿಗಳನ್ನು ನಾನೇ ಸಾಕಿಟ್ಟಿರುತ್ತೇನೆ. ಕೆಲವರು ಡಿ-ಗ್ಯಾಲಕ್ಟೋಸ್ ಅನ್ನೋ ಸಕ್ಕರೆ ಚುಚ್ಚಿ ಬೇಗ ಮುದಿ ಮಾಡುತ್ತಾರೆ. ನನಗೆ ಅದು ಮಾವಿನಕಾಯಿಗೆ ಕಾರ್ಬೈಡ್ ಇಟ್ಟ ಹಾಗೆ ಕಾಣುತ್ತದೆ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಕೈಯಲ್ಲಿರಲಿ. ಅದಿಲ್ಲದೆ ಪಂಜರದ ಬಾಗಿಲನ್ನೂ ತೆಗೆಯುವಂತಿಲ್ಲ.

ಶುರುವಿನಲ್ಲಿ ನಾನೇ ಒಂದು ಎಡವಟ್ಟು ಮಾಡಿದ್ದೆ. 4 ತಿಂಗಳ ಇಲಿಗಳ ರಕ್ತವನ್ನು ಬೆಳಿಗ್ಗೆ ತೆಗೆದೆ, 22 ತಿಂಗಳ ಇಲಿಗಳದ್ದನ್ನು ಮಧ್ಯಾಹ್ನ ನನ್ನ ಊಟ ಆದಮೇಲೆ. ಮುದಿ ಇಲಿಗಳಲ್ಲಿ ನ್ಯೂಟ್ರೋಫಿಲ್ ಜಾಸ್ತಿ, ಲಿಂಫೋಸೈಟ್ ಕಮ್ಮಿ ಬಂತು (ಎರಡೂ ಸೋಂಕಿನ ವಿರುದ್ಧ ಹೋರಾಡುವ ರಕ್ತದ ಬಿಳಿ ಕಣಗಳು). ವಯಸ್ಸಿನ ಗುರುತು ಸಿಕ್ಕಿತೆಂದು ಖುಷಿಯೋ ಖುಷಿ. ಆಮೇಲೆ ಹೊಳೆಯಿತು: ರಕ್ತದ ಬಿಳಿ ಕಣಗಳ ಲೆಕ್ಕ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಇಲಿ ಹೆದರಿದರೂ ಕಾರ್ಟಿಕೋಸ್ಟೆರಾನ್ ಅನ್ನೋ ಒತ್ತಡದ ಹಾರ್ಮೋನ್ ಏರಿ ಇದೇ ಬದಲಾವಣೆ ಆಗುತ್ತದೆ. ನಾನು ಎಣಿಸಿದ್ದು ವಯಸ್ಸನ್ನೋ ಗಾಬರಿಯನ್ನೋ, ಯಾರಿಗೆ ಗೊತ್ತು?

ಆದ್ದರಿಂದ ಒಂದು ವಾರ ಮೊದಲಿಂದ ದಿನಾ ಇಲಿಯನ್ನು ಕೈಗೆತ್ತಿಕೊಂಡು ರೂಢಿ ಮಾಡಿಸಿ. ದಿನವೂ ಒಂದೇ ಹೊತ್ತಿಗೆ, ಒಂದು ಎಳೆಯದು, ಒಂದು ಮುದಿ ಅಂತ ಸರದಿಯಲ್ಲಿ ರಕ್ತ ತೆಗೆಯಿರಿ. ಬಾಲವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ಇಟ್ಟರೆ ನಾಳ ಉಬ್ಬುತ್ತದೆ. 300 ಗ್ರಾಂ ಇಲಿಯಲ್ಲಿ ಇರುವುದೇ ಸುಮಾರು 19 ಎಂಎಲ್ ರಕ್ತ. ನಮಗೆ ಅರ್ಧ ಎಂಎಲ್ ಸಾಕು. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಇಡಿಟಿಎ ಟ್ಯೂಬಿಗೆ ಹಾಕಿ ಮೆಲ್ಲಗೆ ಎಂಟು-ಹತ್ತು ಸಲ ಮೇಲೆ ಕೆಳಗೆ ಮಾಡಿ. ಕುಲುಕಬೇಡಿ, ಕಣ ಒಡೆಯುತ್ತದೆ.

ಗಾಜಿನ ಸ್ಲೈಡ್ ಮೇಲೆ ಒಂದು ಹನಿ ರಕ್ತದ ಸ್ಮಿಯರ್ (ಪದರ) ತೆಳ್ಳಗೆ ಎಳೆಯಿರಿ. ಕಣಗಳಿಗೆ ಬಣ್ಣ ಕೊಡುವ ಲೀಶ್ಮನ್ ಸ್ಟೇನ್ ಹಾಕಿ. ಅದರಲ್ಲಿ ಇರುವುದು ಬೇಗ ಆರುವ ಮೆಥನಾಲ್. ಏಪ್ರಿಲ್‌ನಲ್ಲಿ ನಮ್ಮೂರ ಸೆಕೆಗೆ, ಮೇಲೆ ಫ್ಯಾನ್ ಬೇರೆ ಇದ್ದರೆ, ಅದು ನೋಡನೋಡುತ್ತ ಆರಿಹೋಗಿ ಸ್ಲೈಡ್ ತುಂಬ ಕಪ್ಪು ಚುಕ್ಕೆ ಬಿಡುತ್ತದೆ. ಫ್ಯಾನ್ ಆಫ್ ಮಾಡಿ, ಸ್ಲೈಡ್ ಮುಚ್ಚಿಡಿ. ಎರಡು ನಿಮಿಷ ಆದಮೇಲೆ ಸ್ಟೇನಿನ ಎರಡರಷ್ಟು ಬಫರ್ ನೀರು (ಆಮ್ಲ-ಕ್ಷಾರದ ಮಟ್ಟ ಸುಲಭಕ್ಕೆ ಬದಲಾಗದ ನೀರು) ಹಾಕಿ ಎಂಟು-ಹತ್ತು ನಿಮಿಷ ಬಿಟ್ಟು ತೊಳೆಯಿರಿ.

ಎಣಿಸುವಾಗ ಮನುಷ್ಯರ ಲೆಕ್ಕ ಮರೆತುಬಿಡಿ. ನಮ್ಮಲ್ಲಿ ನ್ಯೂಟ್ರೋಫಿಲ್ ಜಾಸ್ತಿ, ಇಲಿಯಲ್ಲಿ ಲಿಂಫೋಸೈಟ್. ಇಲಿಯ ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಕೆಲವು ಸಲ ಉಂಗುರದ ಹಾಗೆ, ನಡುವೆ ತೂತು ಬಿದ್ದಂತೆ ಕಾಣುತ್ತದೆ. ಸ್ಲೈಡ್ ಕೆಟ್ಟಿಲ್ಲ, ಅದು ಇರುವುದೇ ಹಾಗೆ. 200 ಕಣ ಎಣಿಸಿ, ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿ. 40 ಮತ್ತು 152 ಬಂದರೆ 0.26. ವಯಸ್ಸಾದಂತೆ ಈ ಅಂಕಿ ಸಾಮಾನ್ಯವಾಗಿ ಮೇಲೇರುತ್ತದೆ.

ದುಡ್ಡಿದ್ದರೆ ಪ್ಲಾಸ್ಮಾದಲ್ಲಿ (ರಕ್ತದಿಂದ ಕಣ ತೆಗೆದ ದ್ರವ) ಐಎಲ್-6 ಅನ್ನೋ ಉರಿಯೂತದ ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆ ಮಾಡಿಸಿ. ಒಳಗೊಳಗೇ ಹೊಗೆಯಾಡುವ ಉರಿಯೂತ ಅದರಲ್ಲಿ ತಿಳಿಯುತ್ತದೆ. ಕಣಗಳನ್ನು ಬಗೆಬಗೆಯಾಗಿ ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರ ಸಿಕ್ಕರೆ ಇನ್ನೂ ಚೆಂದ. ಟಿ-ಕಣಗಳು ಬಲಿಯುವ ಎದೆಯ ಗ್ರಂಥಿ ಥೈಮಸ್ ಕುಗ್ಗಿದ ಹಾಗೆ ಹೊಸ ಸೋಂಕಿಗೆ ಕಾದು ಕೂತ ನೈವ್ ಟಿ-ಕಣಗಳು ಕಮ್ಮಿಯಾಗುವುದನ್ನು ಎಣಿಸಬಹುದು. ಆದರೆ ಫ್ರೀಜರ್‌ನಲ್ಲಿ ಕರೆಂಟ್ ಹೋಗಿ ಕರಗಿ, ಮತ್ತೆ ಗಟ್ಟಿಯಾದ ಪ್ಲಾಸ್ಮಾ ಮಾತ್ರ ಪರೀಕ್ಷೆಗೆ ಕಳಿಸಬೇಡಿ.

ಇನ್ನೊಂದು. ಮುದಿ ಇಲಿಗೆ ಗೆಡ್ಡೆ, ಕೆಮ್ಮು-ನೆಗಡಿ ಎಲ್ಲ ಇರುತ್ತದೆ. ಅವೂ ನ್ಯೂಟ್ರೋಫಿಲ್ ಏರಿಸುತ್ತವೆ. ಚುಚ್ಚುವ ಮುಂಚೆ ಹೊಟ್ಟೆ, ಕಂಕುಳು ಸವರಿ ನೋಡಿ. ಕಣ್ಣು-ಮೂಗಿನ ಸುತ್ತ ಕೆಂಪಗೆ ಒಣಗಿದ್ದರೆ ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪೋರ್ಫೈರಿನ್ ಅನ್ನೋ ಕೆಂಪು ಬಣ್ಣದ ವಸ್ತು. ಇಲಿಗೆ ಹುಷಾರಿಲ್ಲ ಅಥವಾ ಒತ್ತಡದಲ್ಲಿದೆ ಅಂತ ಅರ್ಥ. ಅವತ್ತು ಅದನ್ನು ಬಿಟ್ಟು, ಪಂಜರದ ಕಾರ್ಡ್ ಮೇಲೆ ಬರೆದು, ನನ್ನನ್ನು ಕೂಗಿ.