ಕಲ್ಲಿನಲ್ಲಿ ಒಂದೇ ಎಳೆ

ವೇಲ್ಸ್‌ನ ಪೆಂಬ್ರೋಕ್‌ಷೈರಿನಲ್ಲಿ, ಕೇರ್ಯೂ ಕೋಟೆಯ ಬಳಿ ರಸ್ತೆಬದಿಯಲ್ಲಿ ನಿಂತಿರುವ ಸುಮಾರು 4 ಮೀಟರ್ ಎತ್ತರದ ಕಲ್ಲಿನ ಶಿಲುಬೆಯ ಮೈಮೇಲಿನ ಹೆಣಿಗೆಯಲ್ಲಿ ಒಂದು ಎಳೆಯ ಜಾಡು ಹಿಡಿದು ಕಣ್ಣು ಹಾಯಿಸುತ್ತ ಹೋದ ನಾನು ಮೂರನೆಯ ತಿರುವಿನಲ್ಲೇ ದಾರಿ ತಪ್ಪಿದೆ. 1035ರಲ್ಲಿ ತೀರಿಕೊಂಡ ಅರಸ ಮರೆದಿದ್ ಅಪ್ ಎಡ್ವಿನ್‌ನ ಹೆಸರು ಅದರ ಒಂದು ಚೌಕದಲ್ಲಿ ಲ್ಯಾಟಿನ್‌ನಲ್ಲಿದೆ; ಜೊತೆಯ ಚೌಕ ಖಾಲಿ ಉಳಿದಿದೆ. ಅಂಥದೊಂದು ಹೆಣಿಗೆಯನ್ನು ಕೈಯಾರೆ ಕಡೆದು ನೋಡಬೇಕೆಂಬ ಆಸೆ ಅಲ್ಲಿಯೇ ಹುಟ್ಟಿತು.

ಮರಳುಗಲ್ಲಿನ ಹಲಗೆಯೊಂದನ್ನು ತಂದು, ಅಂಚು ಬಿಟ್ಟು, ಅಗಲಕ್ಕೆ 4 ಮತ್ತು ಉದ್ದಕ್ಕೆ 6ರಂತೆ 45 ಮಿ.ಮೀ. ಚೌಕಗಳನ್ನು ಗುರುತಿಸಿಕೊಂಡೆ. ಮೊದಲು ಕಾಗದದ ಮೇಲೆ ಎಳೆದದ್ದು ಪುಣ್ಯ, ಏಕೆಂದರೆ ಎಳೆ ಒಂದಾಗದೆ, ಒಂದರೊಳಗೊಂದು ಸಿಕ್ಕಿಕೊಂಡ ಎರಡು ಪ್ರತ್ಯೇಕ ಬಳೆಗಳಾಗಿ ಮುಗಿಯಿತು. ಅಮ್ಮ ಹೊಸಿಲ ಮುಂದೆ ಚುಕ್ಕಿಗಳನ್ನು ಸುತ್ತಿ ಹಾಕುತ್ತಿದ್ದ ಎಳೆ ರಂಗೋಲಿ ಆಗ ನೆನಪಾಯಿತು: 3 ಸಾಲಿಗೆ 5 ಚುಕ್ಕಿ ಇಟ್ಟರೆ ಒಂದೇ ಎಳೆಯಲ್ಲಿ ಮುಗಿಯುತ್ತದೆ, 4 ಸಾಲಿಗೆ 6 ಇಟ್ಟರೆ ಮುಗಿಯುವುದಿಲ್ಲ. ಶಾಲೆಯಲ್ಲಿ ಕಲಿತ ಮಸಾಅ, ಅಂದರೆ ಎರಡೂ ಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ, ಎಷ್ಟೋ ಅಷ್ಟು ಎಳೆಗಳು. ಇಲ್ಲಿ ಅದು 2. ಆ ಕಾಲದ ಶಿಲ್ಪಿಗಳು ಬಳಸಿದ ಉಪಾಯವನ್ನೇ ನಾನೂ ಬಳಸಿ, ಎರಡು ಬಳೆಗಳು ಪರಸ್ಪರ ದಾಟುವ ಒಂದು ಜಾಗದಲ್ಲಿ ದಾಟನ್ನು ಅಳಿಸಿ ತುದಿಗಳನ್ನು ಪಕ್ಕಕ್ಕೆ ತಿರುಗಿಸಿ ಸೇರಿಸಿದೆ. ಎಳೆ ಒಂದಾಯಿತು, 38 ದಾಟುಗಳಲ್ಲಿ 37 ಉಳಿದವು, ಮೇಲೆ-ಕೆಳಗಿನ ಸರದಿ ಎಲ್ಲಿಯೂ ಕೆಡಲಿಲ್ಲ.

ಕಡೆಯುವಾಗ ಮೊದಲು ಎಳೆಗಳ ನಡುವಿನ ಕಿಂಡಿಗಳನ್ನು 8 ಮಿ.ಮೀ. ತಗ್ಗಿಸಿದೆ. ಮರಳುಗಲ್ಲಿನ ದೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದಾದ್ದರಿಂದ ಮುಖಗವಸು ತೆಗೆಯಲಿಲ್ಲ. ಆಮೇಲೆ ಕೆಂಪು ಸೀಮೆಸುಣ್ಣದಿಂದ ಪ್ರತಿ ದಾಟಿನಲ್ಲೂ ಮೇಲಿನ ಎಳೆಯನ್ನು ಗುರುತು ಮಾಡಿ, ಅದರ ಎರಡೂ ಅಂಚಿಗೆ ಉಳಿಯನ್ನು ನೆಟ್ಟಗೆ ಹಿಡಿದು ಗೀರು ಹೊಡೆದು, ಕೆಳಗಿನ ಎಳೆಯನ್ನು ಅಲ್ಲಿಗೆ 3 ಮಿ.ಮೀ. ತಗ್ಗುವಂತೆ ಇಳಿಜಾರು ಮಾಡುತ್ತ ಹೋದೆ. ಇಳಿಜಾರು ಹಿಂದಿನ ದಾಟಿನಿಂದ ಅರ್ಧ ದಾರಿಯಲ್ಲೇ ಶುರುವಾಗಬೇಕು. ದಾಟಿನ ಹತ್ತಿರ ಬಂದು ಒಮ್ಮೆಲೇ ಕಡಿದರೆ ಎಳೆ ನುಸುಳಿದಂತಲ್ಲ, ತುಂಡಾದಂತೆ ಕಾಣುತ್ತದೆ. ನನ್ನ ಮೊದಲ ನಾಲ್ಕು ಹಾಗೆಯೇ ಕಾಣುತ್ತವೆ.

ದೊಡ್ಡ ತಪ್ಪು 23ನೆಯ ದಾಟಿನಲ್ಲಾಯಿತು. ಗುರುತು ದೂಳಿನಡಿ ಮುಚ್ಚಿಹೋಗಿದ್ದುದನ್ನು ನೋಡದೆ ಮೇಲಿರಬೇಕಾದ ಎಳೆಯನ್ನೇ ತಗ್ಗಿಸಿಬಿಟ್ಟಿದ್ದರಿಂದ ಅದು ಸತತವಾಗಿ ಮೂರು ಬಾರಿ ಕೆಳಗೆ ಹಾಯುವಂತಾಯಿತು. ತೆಗೆದ ಕಲ್ಲನ್ನು ಮತ್ತೆ ಹಚ್ಚಲಾಗದು. ಇನ್ನೊಂದು ಎಳೆಯನ್ನು ಅದಕ್ಕಿಂತ ಕೆಳಗೆ, ಅಂದರೆ 6 ಮಿ.ಮೀ. ಇಳಿಸಿದರೆ ಹಿನ್ನೆಲೆಯಿಂದ ಅದು ಕೇವಲ 2 ಮಿ.ಮೀ. ಎದ್ದಿರುತ್ತಿತ್ತು. ಅರ್ಧ ದಿನ ಯೋಚಿಸಿ ಹಾಗೆಯೇ ಬಿಟ್ಟು 24ನೆಯದಕ್ಕೆ ಹೋದೆ. ಹಗಲಿನಲ್ಲಿ ಯಾರೂ ಅದನ್ನು ಗಮನಿಸುವುದಿಲ್ಲ. ರಾತ್ರಿ ಟಾರ್ಚನ್ನು ಓರೆಯಾಗಿ ಹಿಡಿದರೆ ಆ ಒಂದು ದಾಟಿನ ನೆರಳು ಮಾತ್ರ ಅಡ್ಡ ದಿಕ್ಕಿಗೆ ಬೀಳುತ್ತದೆ.