ಪುಸ್ತಕ ಮುಚ್ಚಿಟ್ಟು ಬರೆದ ಚಿತ್ರಕಥೆ

"ಕಾದಂಬರಿ ಮುಚ್ಚಿಟ್ಟು ಅದರ ಚಿತ್ರಕಥೆ ಬರೆಯುತ್ತೀರಾ?" ಎಂದು ನಕ್ಕವರೇ ಈಗ ಫೋನ್ ಮಾಡಿ ಹೇಗೆಂದು ಕೇಳುತ್ತಿದ್ದಾರೆ.

ಕಾದಂಬರಿ ಮಲೆನಾಡಿನ ಅಡಿಕೆ ಮನೆತನವೊಂದರದು, ನಾನೂರು ಪುಟದ ಆಸುಪಾಸು. ಚಿತ್ರ ಮಾಡುವ ಹಕ್ಕುಗಳಿಗಾಗಿ ಲೇಖಕರ ಮಗಳಿಗೆ ಸುಮಾರು ಒಂದೂವರೆ ಲಕ್ಷ ಕೊಟ್ಟೆವು. ಮೊದಲ ಪ್ರತಿಯನ್ನು ಎಲ್ಲರಂತೆ ಅಧ್ಯಾಯ ಹಿಡಿದೇ ಬರೆದಿದ್ದೆ. ದೃಶ್ಯಗಳು ನೂರೈವತ್ತು ದಾಟಿದವು. ಮನಸ್ಸಿನ ಮಾತಿಗೆಲ್ಲ ಹಿನ್ನೆಲೆ ಧ್ವನಿ. ಓದಿಸಿ ಕೇಳಿದರೆ ಅಪ್ಪಟ ಬಾನುಲಿ ನಾಟಕ. ಕೋರ್ಟಿನ ಸೆಟ್ಟು, ಕಲಾವಿದರಿಗೇ ಐದಾರು ಲಕ್ಷದ ಲೆಕ್ಕ ಬಂತು. ನಿರ್ಮಾಪಕರು ಮುಂಗಡ ವಾಪಸ್ ಕೇಳಿದರು. ಅದು ಲೊಕೇಶನ್ ಹುಡುಕಾಟದಲ್ಲಿ ಆಗಲೇ ಕರಗಿತ್ತು.

ಆಮೇಲೆ ಆ ಕಾದಂಬರಿ ಓದಿದ್ದವರನ್ನು ಹುಡುಕಿಕೊಂಡು ಹೊರಟೆ. ನಿವೃತ್ತ ಮೇಷ್ಟ್ರು, ಅಡಿಕೆ ಮಂಡಿಯ ಗುಮಾಸ್ತರು, ಗ್ರಂಥಾಲಯದ ಮೇಡಂ, ಇನ್ನೂ ಏಳೆಂಟು ಮಂದಿ. ಪುಸ್ತಕ ಮುಟ್ಟಗೊಡದೆ, ನೆನಪಿನಿಂದಲೇ ಕಥೆ ಹೇಳಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಪುಸ್ತಕದ ಕಾಲುಭಾಗ ನುಂಗಿರುವ ವ್ಯಾಜ್ಯವನ್ನು ಒಬ್ಬರೂ ಎತ್ತಲಿಲ್ಲ! ಮನೆ ಹಿಸ್ಸೆಯಾದ ದಿನದ ಅಜ್ಜಿಯನ್ನು ಮಾತ್ರ ಯಾರೂ ಬಿಡಲಿಲ್ಲ. ಕೋರ್ಟನ್ನು ಪೂರ್ತಿ ಕಿತ್ತುಹಾಕಿದೆ.

ಎರಡನೆಯ ನಿರ್ಮಾಪಕರು ಹೆದರಿದರು: "ಓದುಗರು ಸುಮ್ಮನಿರುತ್ತಾರೆಯೇ?" 'ನಾಗರಹಾವು' ನೆನಪಿಸಿದೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದೇ ಚಿತ್ರ ಮಾಡಿದರು. ಸ್ವತಃ ಲೇಖಕರಿಗೇ ಅದು ಹಿಡಿಸಲಿಲ್ಲ, ಆದರೆ ರಾಮಾಚಾರಿಯನ್ನು ಜನ ಇಂದಿಗೂ ಮರೆತಿಲ್ಲ. ನಿರ್ಮಾಪಕರ ಭಯ ಹೋಗಲಿಲ್ಲ, ಚೆಕ್ಕಿಗೆ ಸಹಿಯಂತೂ ಬಿತ್ತು.

ಪುಸ್ತಕದಲ್ಲಿ ಅಜ್ಜಿಯದು ಮೂರು ಪುಟ ಬರೀ ಯೋಚನೆ. ನಾನು ಹಿತ್ತಿಲ ಜಗಲಿಯ ಮೂಲೆಯಲ್ಲಿ ಎರಡನೆಯ ಒಲೆ ಹೂಡಿಸಿದೆ. ಸೌದೆ ಹಸಿ. ಊದುಗೊಳವೆಯಲ್ಲಿ ಎಷ್ಟು ಊದಿದರೂ ಹೊಗೆಯೇ. ಒಳಗಿನ ಹಳೆಯ ಒಲೆಯಲ್ಲಿ ಕಿರಿಸೊಸೆಯ ಒಗ್ಗರಣೆ ಸಿಡಿಯುವುದು ಕೇಳಿಸುತ್ತದೆ. ಮಾತೇ ಇಲ್ಲ. ಚಿತ್ರ ನೋಡಿದ ಲೇಖಕರ ಮಗಳು, "ಅಪ್ಪ ಬರೆದ ಹಾಗೇ ಇದೆ, ಆ ಒಲೆಯ ದೃಶ್ಯವಂತೂ" ಎಂದರು. ಪುಸ್ತಕದಲ್ಲಿ ಆ ಒಲೆಯೇ ಇಲ್ಲ! ಕಾದಂಬರಿಯ ಜೀವಾಳ ಉಳಿಯಿತೇ ಎಂದು ಕೇಳುವವರಿಗೆ ನಾನು ಇದಕ್ಕಿಂತ ಬೇರೆ ಪುರಾವೆ ಕೊಡುವುದಿಲ್ಲ.

ಇದೇ ಉಪಾಯವನ್ನು ಸಣ್ಣಕಥೆಯೊಂದರ ಮೇಲೂ ಪ್ರಯೋಗಿಸಿದೆ, ನಡೆಯಲಿಲ್ಲ. ಎಲ್ಲರಿಗೂ ಎಲ್ಲವೂ ನೆನಪಿತ್ತು, ಬಿಡುವುದಕ್ಕೆ ಏನೂ ಸಿಗಲಿಲ್ಲ. ಸಣ್ಣಕಥೆಗೆ ಬೇಕಾದದ್ದು ಬೆಳೆಸುವ ಕೆಲಸ, ಅದರ ದಾರಿಯೇ ಬೇರೆ.

ಒಟ್ಟು ಖರ್ಚು ಅರವತ್ತು ಲಕ್ಷದ ಒಳಗೆ ಮುಗಿಯಿತು, ಅಸಲು ಹೆಚ್ಚೂಕಡಿಮೆ ಬಂದಿದೆ. ಕಥೆ ಹೇಳಿಸುವ ಮೊದಲು ಓದುಗರಿಗೆ ನಾನು ಕೇಳುವ ಪ್ರಶ್ನೆಯೊಂದಿದೆ. ಅದನ್ನು ಮಾತ್ರ ಹೇಳಲಾರೆ, ಮುಂದಿನ ಚಿತ್ರದ ಮುಂಗಡ ಅದರ ಮೇಲೆಯೇ ನಿಂತಿದೆ.